ಬೀಗ ಬಿದ್ದ ಪದಕೋಶ

ಈ ಅಂಕಣದಲ್ಲಿ ನಾವು ಇದುವರೆಗೆ ಷಟ್‌ಸ್ಥಲ, ಅಂಕಿತ, ಹಸ್ತಪ್ರತಿ, ಪಾಠಾಂತರ ಮೊದಲಾದ ವಿಷಯಗಳನ್ನೇ ಕುರಿತು ಬರೆಯುತ್ತ ಬಂದಿದ್ದೇವೆ. ಈ ತಿಂಗಳು ಗಣಕಯಂತ್ರಕ್ಕೆ ಬೇಕಾದ ಚಿಕ್ಕ ಪ್ರೋಗ್ರಾಮುಗಳನ್ನು ನಾವೇ ಬರೆದುಕೊಳ್ಳುವ ವಿಚಾರವನ್ನು ಎತ್ತಿಕೊಂಡಿರುವುದನ್ನು ಕಂಡು ಹಿರಿಯ ವಾಚಕರು ಹುಬ್ಬೇರಿಸಬಹುದು. ಅಂಥವರಲ್ಲಿ ನಮ್ಮ ವಿನಂತಿ ಇಷ್ಟೇ: ಇದೂ ಹಸ್ತಪ್ರತಿಯ ಕಥೆಯೇ ಆಗಿದೆ. ಓಲೆಗರಿಯ ಬದಲು ಗಣಕದ ಕಡತ, ಗೆದ್ದಲಿನ ಬದಲು ಬೀಗ, ಅಷ್ಟೇ ವ್ಯತ್ಯಾಸ.

ಮಠದಲ್ಲಿ ನಮಗಿಂತ ಹಿರಿಯರಾಗಿ ಓದಿದ ಸಹಾಧ್ಯಾಯಿಗಳೊಬ್ಬರು ಶರಣರ ಪಾರಿಭಾಷಿಕ ಪದಗಳನ್ನು ಒಂದೊಂದಾಗಿ ಚೀಟಿಗಳಲ್ಲಿ ಬರೆದಿಡುವ ಕಾಯಕವನ್ನು ಯೌವನದಲ್ಲಿಯೇ ಕೈಗೊಂಡಿದ್ದರು. ಒಂದು ಚೀಟಿಗೆ ಒಂದು ಪದ. ಅದರ ಕೆಳಗೆ ವಚನಕಾರರ ಅಂಕಿತ, ಸ್ಥಲ, ಆಕರ, ಪುಟಸಂಖ್ಯೆ. ಮರದ ಪೆಟ್ಟಿಗೆಗಳು ತುಂಬಿದವು. 1990ರ ದಶಕದ ಕೊನೆಯ ಭಾಗದಲ್ಲಿ, ಎಲ್ಲವನ್ನೂ ಗಣಕಕ್ಕೆ ಏರಿಸಿದರೆ ಮುಂದಿನವರಿಗೆ ಅನುಕೂಲವಾದೀತೆಂಬ ಸದಾಶಯದಿಂದ ಮಠದವರು ಒಂದು ಕನ್ನಡ ತಂತ್ರಾಂಶವನ್ನು ಹಣ ಕೊಟ್ಟು ತಂದರು. ಪ್ರಸಾದನಿಲಯದ ಹುಡುಗರು ಎರಡು ವರ್ಷ ಕುಳಿತು ಚೀಟಿಗಳನ್ನೆಲ್ಲ ಬೆರಳಚ್ಚು ಮಾಡಿದರು. ಕೆಲಸ ಮುಗಿದ ಮೇಲೆ ಪೆಟ್ಟಿಗೆಗಳು ಅಟ್ಟ ಸೇರಿದವು. ಅಟ್ಟ ಸೋರಿತು. ಗೆದ್ದಲು ಹತ್ತಿ ಪೆಟ್ಟಿಗೆಗಳು ಮಣ್ಣಾದ ಸುದ್ದಿ ತಿಳಿದಾಗ ನಾವಾರೂ ಹೆಚ್ಚು ದುಃಖಿಸಲಿಲ್ಲ. ಎಲ್ಲವೂ ಗಣಕದಲ್ಲಿದೆಯಲ್ಲ ಎಂಬ ನಿಶ್ಚಿಂತೆ.

ಆ ತಂತ್ರಾಂಶಕ್ಕೆ ಒಂದು ಬೀಗವಿತ್ತು. ಯಂತ್ರದ ಹಿಂಬದಿಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ತುಂಡನ್ನು ಸಿಕ್ಕಿಸಿದರೆ ಮಾತ್ರ ಅದು ತೆರೆದುಕೊಳ್ಳುತ್ತಿತ್ತು. ಒಂದು ಮಳೆಗಾಲದಲ್ಲಿ ಸಿಡಿಲು ಬಡಿದು ಯಂತ್ರವೂ ಆ ತುಂಡೂ ಒಟ್ಟಿಗೆ ಸುಟ್ಟವು. ಮಾರಿದವರನ್ನು ಹುಡುಕಿಕೊಂಡು ಹೋದರೆ ಅಂಗಡಿಯೇ ಮುಚ್ಚಿತ್ತು. ಕಡತಗಳ ಪ್ರತಿಯೇನೋ ಫ್ಲಾಪಿಗಳಲ್ಲಿ ಉಳಿದಿತ್ತು, ಅಲ್ಲಿಂದ ಸಿ.ಡಿ.ಗೆ, ಅಲ್ಲಿಂದ ಇನ್ನೊಂದಕ್ಕೆ ಅವು ದಾಟುತ್ತ ಬಂದವು. ಆದರೆ ಓದುವವರಿರಲಿಲ್ಲ. ಈಗ ತೊಂಬತ್ತರ ಸಮೀಪದಲ್ಲಿರುವ, ಕಣ್ಣು ಬಹುತೇಕ ಹೋಗಿರುವ ಆ ಹಿರಿಯರು ನಾವು ಭೇಟಿಯಾದಾಗಲೆಲ್ಲ ಕೇಳುವುದು ಒಂದೇ ಮಾತು: "ಏನ್ ತಮ್ಮಾ, ಪೆಟ್ಟಿಗಿ ಬೀಗ ತೆಗೀತೇನು?"

ಕಳೆದ ವರ್ಷ ಪ್ರಸಾದನಿಲಯದಲ್ಲಿದ್ದು ಕಾಲೇಜು ಓದುವ ಹುಡುಗನೊಬ್ಬ ಆ ಕಡತವನ್ನು ಯಾವ ಅಲಂಕಾರವೂ ಇಲ್ಲದ ಸಾದಾ ಪಠ್ಯವಾಗಿ ತೆರೆದು ತೋರಿಸಿದ. ತೆರೆಯ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ವಿಚಿತ್ರ ಗೆರೆ-ಚುಕ್ಕೆಗಳು. "ಗುರುಗಳ, ಇದು ಕನ್ನಡ ಅಲ್ಲರೀ, ಕನ್ನಡದ ಚೂರು ಅದಾವ" ಎಂದ. ಅವನ ಮಾತು ಶಾಸ್ತ್ರಸಮ್ಮತವಾಗಿತ್ತು. ಆ ಕಾಲದ ಕನ್ನಡ ತಂತ್ರಾಂಶಗಳು ಅಕ್ಷರವನ್ನು ಅಕ್ಷರವೆಂದು ಉಳಿಸುತ್ತಿರಲಿಲ್ಲ. ಮೊಳೆ ಜೋಡಿಸುವ ಮುದ್ರಣಾಲಯದಲ್ಲಿ ಕಕಾರದ ಒಡಲಿಗೊಂದು ಮನೆ, ತಲೆಕಟ್ಟಿಗೊಂದು ಮನೆ, ಒತ್ತಿಗೊಂದು ಮನೆ ಇರುತ್ತಿದ್ದಂತೆ ಇವೂ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ತುಂಬಿಟ್ಟಿದ್ದವು. ಇಂದಿಗೂ ನಮ್ಮ ಕಚೇರಿಗಳಲ್ಲಿ ಪ್ರಚುರವಾಗಿರುವ ನುಡಿಯ ಹಳೆಯ ಅಚ್ಚಿನಲ್ಲಿ 'ಕ' ಎಂಬುದು ಇಂಗ್ಲಿಷಿನ 'ಪಿ' ಮತ್ತು ಗೆರೆಯುಳ್ಳ 'ಎ' ಎಂಬೆರಡು ತುಂಡುಗಳ ಜೋಡಣೆ. ನಮ್ಮ ಕಡತದ ಮನೆಗಳು ಬೇರೆ, ಕ್ರಮ ಇದೇ. ಯಾವ ತುಂಡು ಯಾವ ಮನೆಯಲ್ಲಿದೆ ಎಂದು ಬಲ್ಲ ತಂತ್ರಾಂಶ ಸುಟ್ಟುಹೋದ ಮೇಲೆ ಉಳಿದದ್ದು ಚೆಲ್ಲಾಪಿಲ್ಲಿಯಾದ ಮೊಳೆಗಳ ರಾಶಿ.

ಹಾಗಾದರೆ ಮಾಡುವುದೇನು? ಹೊಸ ತಂತ್ರಾಂಶವೊಂದನ್ನು ಕೊಳ್ಳಬಹುದಾಗಿತ್ತು. ಕೆಲವರು ಬೆಲೆ ಹೇಳಿಯೂ ಹೋದರು. ಆದರೆ ಒಮ್ಮೆ ಬೀಗ ಹಾಕಿಸಿಕೊಂಡವರು ಎರಡನೆಯ ಬೀಗಕ್ಕೆ ಹಣ ಕೊಡುವ ಮುನ್ನ ಯೋಚಿಸುತ್ತಾರೆ. ಆಗ ಆ ಹುಡುಗ ಒಂದು ಹಳೆಯ ಉಪಕರಣದ ಹೆಸರು ಹೇಳಿದ. ಅದು 'ಆಕ್'.

ಇದು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ 1977ರಲ್ಲಿ ರೂಪುಗೊಂಡದ್ದು. ಏಹೋ, ವೈನ್‌ಬರ್ಗರ್, ಕರ್ನಿಹನ್ ಎಂಬ ಮೂವರು ವಿದ್ವಾಂಸರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿದರೆ ಆಗುವುದೇ ಅದರ ಹೆಸರು. ಒಂದೆರಡು ಸಾಲಿನಲ್ಲಿ ಬರೆದು ಮುಗಿಸುವಂಥ ಪ್ರೋಗ್ರಾಮುಗಳಿಗಾಗಿ ಅವರು ಇದನ್ನು ಮಾಡಿದರು. 1988ರಲ್ಲಿ ಮೂವರೂ ಸೇರಿ ಇದರ ಮೇಲೆ ಒಂದು ಪುಸ್ತಕವನ್ನೂ ಬರೆದರು. ಇದಕ್ಕೆ ಬೆಲೆಯಿಲ್ಲ, ತಿಂಗಳ ಬಾಡಿಗೆಯಿಲ್ಲ, ಅಂತರ್ಜಾಲವೂ ಬೇಕಿಲ್ಲ. ಲಿನಕ್ಸ್ ಇರುವ ಯಾವುದೇ ಹಳೆಯ ಯಂತ್ರದಲ್ಲಿ ಇದು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಇದರ ಸ್ವರೂಪವನ್ನು ಹುಡುಗ ವಿವರಿಸುತ್ತಿದ್ದಂತೆ ನಮಗೆ ಮಠದ ವ್ಯಾಕರಣ ಪಾಠ ನೆನಪಾಯಿತು. ಆಕ್ ಕಡತವನ್ನು ಸಾಲು ಸಾಲಾಗಿ ಓದುತ್ತದೆ. ಪ್ರತಿ ಸಾಲಿನ ಪದಗಳಿಗೆ ಒಂದನೆಯದು, ಎರಡನೆಯದು ಎಂದು ತಾನೇ ಎಣಿಕೆ ಹಾಕಿಕೊಳ್ಳುತ್ತದೆ. ನಾವು ಬರೆಯಬೇಕಾದದ್ದು ಎರಡೇ ಭಾಗ: ಸಾಲಿನಲ್ಲಿ ಇಂಥ ಲಕ್ಷಣ ಕಂಡರೆ, ಇಂಥ ಕ್ರಿಯೆ ಮಾಡು. ವೈಯಾಕರಣರು ಇದನ್ನು ನಿಮಿತ್ತ ಮತ್ತು ಕಾರ್ಯ ಎನ್ನುತ್ತಾರೆ. ನಿಮಿತ್ತವಿದ್ದಲ್ಲಿ ಕಾರ್ಯ ನಡೆಯುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ. ಸೂತ್ರಗಳನ್ನು ಹೆಣೆಯುವ ಕ್ರಮವನ್ನು ಬಾಲ್ಯದಲ್ಲಿ ಕಲಿತವರಿಗೆ ಇದು ಹೊಸ ವಿದ್ಯೆಯೇನಲ್ಲ, ಹೊಸ ಲಿಪಿ ಮಾತ್ರ. ಒಂದು ಶ್ರಾವಣ ಮಾಸ ಪ್ರತಿದಿನ ಸಂಜೆ ಒಂದೊಂದು ತಾಸು ಕುಳಿತು ನಾವು ಅದನ್ನು ಕಲಿತೆವು.

ಮೊದಲ ಪ್ರೋಗ್ರಾಮು ತುಂಡುಗಳನ್ನು ಕೂಡಿಸಿ ಇಂದಿನ ಯೂನಿಕೋಡ್ ಅಕ್ಷರ ಮಾಡುವಂಥದ್ದು. ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿನಾದ್ಯಂತ ಒಪ್ಪಿದ ಒಂದೇ ಸ್ಥಾನ ಉಂಟಷ್ಟೆ. ಈ ತುಂಡಿಗೆ ಈ ಅಕ್ಷರ ಎಂಬ ಪಟ್ಟಿಯನ್ನು ಹಳೆಯ ಕರಡು ಮುದ್ರಣವೊಂದರ ಸಹಾಯದಿಂದ ಸಿದ್ಧಪಡಿಸಿಕೊಂಡೆವು. ಕಡತವನ್ನು ಓಡಿಸಿದೊಡನೆ ಪರದೆಯ ಮೇಲೆ ಕನ್ನಡ ಮೂಡಿತು. ಆದರೆ 'ಧರ್ಮ' ಇರಬೇಕಾದಲ್ಲಿ 'ಧಮರ್' ಎಂದಿತ್ತು. 'ಕರ್ನಾಟಕ'ವು 'ಕನಾರ್ಟಕ'ವಾಗಿತ್ತು. ಇಂಥ ರೂಪಗಳನ್ನು ವಾಚಕರು ಪತ್ರಿಕೆಗಳಲ್ಲಿಯೂ ಪ್ರಕಟಣೆಗಳಲ್ಲಿಯೂ ಕಂಡು ನಕ್ಕಿರಬಹುದು. ಇದರ ಕಾರಣ ನಮಗೆ ಅಂದು ತಿಳಿಯಿತು. ಅರ್ಕಾವತ್ತನ್ನು ನಾವು ಉಚ್ಚರಿಸುವುದು ಮಕಾರದ ಮೊದಲು, ಬರೆಯುವುದು ಮಕಾರದ ಅನಂತರ. ಹಳೆಯ ತಂತ್ರಾಂಶ ಬರೆಹದ ಕ್ರಮವನ್ನು ಹಿಡಿದಿತ್ತು. ಯೂನಿಕೋಡ್ ಉಚ್ಚಾರದ ಕ್ರಮವನ್ನು ಬಯಸುತ್ತದೆ. ಆದ್ದರಿಂದ ಅರ್ಕಾವತ್ತು ಕಂಡೊಡನೆ ಅದನ್ನು ಹಿಂದಿನ ಇಡೀ ಅಕ್ಷರವನ್ನು, ಅದರ ಒತ್ತು-ಗುಣಿತ ಸಮೇತ, ದಾಟಿಸಿ ಮುಂದಕ್ಕೆ ಒಯ್ಯುವ ಇನ್ನೊಂದು ಸೂತ್ರ ಬೇಕಾಯಿತು. ಆ ಸೂತ್ರವನ್ನು ಮೊದಲಿಡಬೇಕೋ ಕೊನೆಗಿಡಬೇಕೋ ಎಂಬ ಜಿಜ್ಞಾಸೆ ಮೂರು ಸಂಜೆ ನಡೆಯಿತು. ಉತ್ಸರ್ಗ-ಅಪವಾದಗಳ ಚರ್ಚೆಯನ್ನು ಗಣಕದ ಮುಂದೆ ಕುಳಿತು ಮಾಡಬೇಕಾದೀತೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಇಲ್ಲೊಂದು ಮಾತನ್ನು ಹೇಳಿಬಿಡುತ್ತೇವೆ. ಕೇಳಿದರೆ ತಾನೇ ಪ್ರೋಗ್ರಾಮು ಬರೆದುಕೊಡುವ ಯಂತ್ರಬುದ್ಧಿ ಇಂದು ಬಂದಿದೆ. ನಮ್ಮ ಹುಡುಗನೂ ಕೇಳಿ ನೋಡಿದ. ಕ್ಷಣಾರ್ಧದಲ್ಲಿ ಅಚ್ಚುಕಟ್ಟಾದ ಪ್ರೋಗ್ರಾಮು ಬಂತು. ಓಡಿಸಿದರೆ 'ಅರ್ಪಿತ', 'ನಿರ್ವಯಲು' ಸರಿಯಾಗಿದ್ದವು, ಆದರೆ ಒತ್ತಕ್ಷರದ ಮೇಲೆ ಅರ್ಕಾವತ್ತು ಬಂದ ಕಡೆ ಒಂದು ಅಕ್ಷರವೇ ಸದ್ದಿಲ್ಲದೆ ಮಾಯವಾಗುತ್ತಿತ್ತು. ಆ ಪ್ರೋಗ್ರಾಮು ಕೇವಲ ಹತ್ತಿಪ್ಪತ್ತು ಸಾಲಿನದಾಗಿದ್ದು, ಅಷ್ಟರಲ್ಲಿ ನಾವೂ ಓದಲು ಕಲಿತಿದ್ದರಿಂದ ತಪ್ಪು ಕಂಡಿತು. ಆ ಸಹಾಯವನ್ನು ನಾವು ನಿಂದಿಸುವುದಿಲ್ಲ. ಓದಲು ಬಾರದವರು ಅದನ್ನೇ ನಂಬಿ ಮೂಲವನ್ನು ಅಳಿಸಿಬಿಟ್ಟಿದ್ದರೆ ಗೆದ್ದಲು ಮಾಡಿದ್ದಕ್ಕಿಂತ ಕಡಿಮೆಯೇನೂ ಆಗುತ್ತಿರಲಿಲ್ಲ.

ಪದಗಳು ಓದುವಂತಾದ ಮೇಲೆ ಹುಡುಕುವ ಕೆಲಸ ಬಂತು. ಶರಣರಲ್ಲಿ ದೇಹವಾಚಕವಾದ 'ಕಾಯ' ಎಂಬ ಪದ ಎಲ್ಲೆಲ್ಲಿದೆ ತೋರಿಸು ಎಂದು ಆಕ್‌ಗೆ ಹೇಳಿದೆವು. ಅದು 'ಕಾಯಕ'ವನ್ನು ತಂದಿತು, ಅದು ನಿರೀಕ್ಷಿತವೇ. ಜೊತೆಗೆ 'ಕಾಯಿ', 'ತೆಂಗಿನಕಾಯಿ'ಗಳೂ ಬಂದವು! ಕಾರಣ, ಯೂನಿಕೋಡಿನಲ್ಲಿ 'ಯಿ' ಎಂಬುದು ಒಂದು ಅಕ್ಷರವಲ್ಲ. 'ಯ' ಎಂದು ಬರೆದು ಅದರ ಹಿಂದೆ ಗುಡಿಸನ್ನು ಬೇರೆಯಾಗಿ ಇಡುತ್ತಾರೆ. ಆದುದರಿಂದ 'ಕಾಯಿ'ಯ ಹೊಟ್ಟೆಯಲ್ಲಿ 'ಕಾಯ' ಅಡಗಿಯೇ ಇರುತ್ತದೆ. 'ಯಕಾರದ ಮುಂದೆ ಗುಣಿತ ಚಿಹ್ನೆ ಇರಬಾರದು' ಎಂಬ ನಿಬಂಧನೆ ಸೇರಿಸಿದ ಮೇಲೆ ತೆಂಗಿನಕಾಯಿ ದೂರವಾಯಿತು. ಕಾಯ-ಕಾಯಕಗಳನ್ನು ಬೇರ್ಪಡಿಸುವುದನ್ನು ಮಾತ್ರ ನಾವು ಓದಿಯೇ ಮಾಡಬೇಕಾಯಿತು.

ಅಂಕಿತಗಳಲ್ಲಿಯೂ ಹೀಗೆಯೇ. 'ಮಲ್ಲಿಕಾರ್ಜುನ' ಎಂದು ಹುಡುಕಿದರೆ ಅಕ್ಕಮಹಾದೇವಿಯವರ ಚೆನ್ನಮಲ್ಲಿಕಾರ್ಜುನನೂ ಸಿದ್ಧರಾಮೇಶ್ವರರ ಕಪಿಲಸಿದ್ಧಮಲ್ಲಿಕಾರ್ಜುನನೂ ಒಂದೇ ರಾಶಿಯಲ್ಲಿ ಬೀಳುತ್ತಾರೆ. ಎರಡನ್ನೂ ಬಿಡಿಸಿ ಹೇಳಿದರೂ 'ಚೆನ್ನ' ಎಂದು ಎತ್ವವಿರುವ ಪಾಠವೂ 'ಚನ್ನ' ಎಂದು ಎತ್ವವಿಲ್ಲದ ಪಾಠವೂ ಉಂಟು. ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡವರಾದುದರಿಂದ ಅವರ ಹೆಸರು ಕಂಡೆಡೆಯೆಲ್ಲ ಅದು ಅಂಕಿತವೋ ಉಲ್ಲೇಖವೋ ಎಂಬ ಸಂದೇಹ ಬರುತ್ತದೆ. ಇಂಥ ಸೂಕ್ಷ್ಮಗಳು ಅಂಗಡಿಯಲ್ಲಿ ಮಾರುವ ಯಾವ ತಂತ್ರಾಂಶಕ್ಕೂ ಗೊತ್ತಿರುವುದಿಲ್ಲ, ಗೊತ್ತಿರಬೇಕೆಂದು ಅಪೇಕ್ಷಿಸುವುದೂ ತಪ್ಪು. ಬಲ್ಲವರು ನಾವು, ಆದುದರಿಂದ ಸೂತ್ರವನ್ನೂ ನಾವೇ ಬರೆಯಬೇಕು.

'ಬಸವಣ್ಣ' ಎಂಬ ಹೆಸರಿನಲ್ಲಿ ಎಷ್ಟು ಅಕ್ಷರ? ಮಕ್ಕಳನ್ನು ಕೇಳಿದರೆ ನಾಲ್ಕು ಎನ್ನುತ್ತಾರೆ. ಯೂನಿಕೋಡಿನ ಲೆಕ್ಕದಲ್ಲಿ ಆರು, ಏಕೆಂದರೆ ಒತ್ತಕ್ಷರವಾದ 'ಣ್ಣ' ಅಲ್ಲಿ ಣಕಾರ, ವಿರಾಮಚಿಹ್ನೆ, ಮತ್ತೊಂದು ಣಕಾರ ಎಂದು ಮೂರಾಗುತ್ತದೆ. ಬೆಲ್ ಪ್ರಯೋಗಾಲಯದ ಮೂಲ ಆಕ್‌ನ ಹಳೆಯ ಪ್ರತಿಯನ್ನು ಕೇಳಿದರೆ 18 ಎನ್ನುತ್ತಿತ್ತು! ಅದು ಎಣಿಸುತ್ತಿದ್ದುದು ಬೈಟುಗಳನ್ನು. ಯೂನಿಕೋಡನ್ನು ಕಡತದಲ್ಲಿ ಬರೆದಿಡುವ 'ಯುಟಿಎಫ್-8' ಎಂಬ ಪದ್ಧತಿಯಲ್ಲಿ ಒಂದು ಕನ್ನಡ ಚಿಹ್ನೆಗೆ ಮೂರು ಬೈಟು ಬೇಕು. ಈ ಪದ್ಧತಿಯನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬುವರು ನ್ಯೂಜೆರ್ಸಿಯ ಒಂದು ಉಪಾಹಾರಗೃಹದಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿ ರೂಪಿಸಿದರಂತೆ. ಇತರರು ಮಾಡಿದ ಆಕ್ ಪ್ರತಿಗಳಲ್ಲಿ ಕೆಲವು ಇದನ್ನು ಮೊದಲೇ ಕಲಿತುಕೊಂಡವು. ಮೂಲ ಆಕ್ ಕಲಿತದ್ದು 2022ರಲ್ಲಿ. ಕಲಿಸಿದವರು ಆ ಮೂವರಲ್ಲಿ ಒಬ್ಬರಾದ ಬ್ರಯಾನ್ ಕರ್ನಿಹನ್ ಅವರೇ. ಆಗ ಅವರ ವಯಸ್ಸು 80. ಅರವತ್ತು ದಾಟಿತು, ಇನ್ನೇನು ಕಲಿಯುವುದು ಎಂದು ನಮ್ಮೊಡನೆ ಗೊಣಗುವ ಗೆಳೆಯರಿಗೆ ನಾವು ಈಗ ಈ ಒಂದು ಸಂಗತಿಯನ್ನು ಹೇಳಿ ಸುಮ್ಮನಾಗುತ್ತೇವೆ.

ನಮ್ಮ ಅವಿವೇಕವನ್ನೂ ಹೇಳಬೇಕು. ಈ ಉಪಕರಣ ಕೈಗೆ ಹತ್ತಿದ ಉತ್ಸಾಹದಲ್ಲಿ ದಾಸೋಹದ ಕಾಣಿಕೆಯ ಲೆಕ್ಕವನ್ನೂ ಇದರಿಂದಲೇ ಮಾಡಲು ಹೋದೆವು. ಪ್ರತಿ ಸಾಲಿನಲ್ಲಿ ದಿನಾಂಕ, ಗ್ರಾಮ, ಮೊತ್ತ. ಮೂರನೆಯ ಪದವನ್ನು ಕೂಡಿಸುತ್ತ ಹೋಗು, ಕೊನೆಗೆ ಮೊತ್ತ ಬರೆ ಎಂದರೆ ಮುಗಿಯಿತು. ಒಂದೇ ಸಾಲಿನ ಪ್ರೋಗ್ರಾಮು. ಉತ್ತರ ಬಂತು, ಆದರೆ ಪೆಟ್ಟಿಗೆಯಲ್ಲಿದ್ದ ಹಣಕ್ಕಿಂತ ಬಹಳ ಕಡಿಮೆ. ಭಂಡಾರದ ಲೆಕ್ಕ ನೋಡುವವರ ಮುಖ ಸಣ್ಣದಾಯಿತು. ಪಾಪ, ಯಾರು ಯಾರನ್ನೋ ಸಂಶಯಿಸುವ ಹಂತಕ್ಕೆ ಮಾತು ಹೋಗಿತ್ತು. ಎರಡು ದಿನ ಕಳೆದ ಮೇಲೆ ತಿಳಿದದ್ದೇನೆಂದರೆ, ಬರೆದವರಲ್ಲಿ ಒಬ್ಬರು ಕನ್ನಡಾಭಿಮಾನದಿಂದ ಅಂಕಿಗಳನ್ನೂ ಕನ್ನಡದಲ್ಲಿಯೇ ಹಾಕಿದ್ದರು. ಆಕ್‌ಗೆ '೫೦೦' ಎಂಬುದು ಸಂಖ್ಯೆಯಲ್ಲ, ಒಂದು ಪದ. ಅದನ್ನು ಅದು ಸೊನ್ನೆಯೆಂದು ಕೂಡಿಸುತ್ತದೆ, ಮತ್ತು ಹಾಗೆ ಮಾಡಿದೆನೆಂದು ಹೇಳುವುದೂ ಇಲ್ಲ. ಕನ್ನಡ ಅಂಕಿಯನ್ನು ಮೊದಲು ಬದಲಿಸಿಕೊಳ್ಳುವ ಹತ್ತು ಸಣ್ಣ ಆದೇಶಗಳನ್ನು ಸೇರಿಸಿದೆವು, ಲೆಕ್ಕ ಸರಿಹೋಯಿತು. ಮನೆವಾರ್ತೆಯ ಖರ್ಚು ಅಥವಾ ಸ್ವಸಹಾಯ ಸಂಘದ ಕಂತಿನ ಲೆಕ್ಕವನ್ನು ಹೀಗೆ ಇಡಬಯಸುವ ತಾಯಂದಿರು ಇದನ್ನು ಮರೆಯಬಾರದು: ಮೊದಲ ತಿಂಗಳು ಕೈಲೆಕ್ಕವನ್ನೂ ಜೊತೆಗಿಟ್ಟುಕೊಂಡು ತಾಳೆ ನೋಡಬೇಕು.

ಇಷ್ಟು ಕಷ್ಟಪಡುವ ಬದಲು ಕೊಟ್ಟು ಕೊಳ್ಳಬಾರದೆ ಎಂಬ ಪ್ರಶ್ನೆ ಸಹಜ. ಉತ್ತರ ನಮ್ಮ ಸಮಾಜದ ಚರಿತ್ರೆಯಲ್ಲಿಯೇ ಇದೆ. ಫ.ಗು. ಹಳಕಟ್ಟಿಯವರು ವಚನಗಳ ತಾಡೋಲೆಗಳನ್ನು ಊರೂರು ಅಲೆದು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಅಚ್ಚಿಗೆ ಅನ್ಯರನ್ನು ಆಶ್ರಯಿಸಿ ಈ ಕಾರ್ಯ ಮುಂದೆ ಸಾಗದೆಂದು ಮನಗಂಡು, ಇದ್ದ ಮನೆಯನ್ನೂ ಮಾರಿ, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ವಕೀಲರಾದವರಿಗೆ ಮೊಳೆ, ಮಸಿಗಳ ಗೊಡವೆ ಏಕೆ ಬೇಕಿತ್ತು? ಉಪಕರಣ ತಮ್ಮ ಕೈಯಲ್ಲಿರಲೆಂದು. ಅಮೆರಿಕದ ಡೊನಾಲ್ಡ್ ಕ್ನುತ್ ಎಂಬ ಗಣಕಶಾಸ್ತ್ರಜ್ಞರು 1977ರಲ್ಲಿ ತಮ್ಮ ಗ್ರಂಥದ ಕರಡಚ್ಚು ಬಂದಾಗ ಅದರ ಅಕ್ಷರಗಳ ಅಂದಗೇಡನ್ನು ನೋಡಲಾರದೆ, ಪುಟಜೋಡಣೆಯ ತಂತ್ರಾಂಶವನ್ನು ತಾವೇ ಬರೆಯಲು ಕುಳಿತರು. ಕೆಲವು ತಿಂಗಳ ಕೆಲಸವೆಂದು ತೊಡಗಿದವರಿಗೆ ಹಲವು ವರ್ಷಗಳೇ ಹಿಡಿದವು. 'ಟೆಕ್' ಎಂಬ ಅವರ ಆ ಕೃತಿ ಇಂದಿಗೂ ಗಣಿತಜ್ಞರಿಗೆ ಆಧಾರ. ನಮ್ಮ ಹದಿನೈದಿಪ್ಪತ್ತು ಸಾಲುಗಳನ್ನು ಆ ಮಹನೀಯರ ಸಾಧನೆಯ ಪಕ್ಕದಲ್ಲಿಡುವ ಉದ್ಧಟತನ ನಮಗಿಲ್ಲ. ಮನೆ ಮಾರುವ ಪ್ರಸಂಗವೂ ನಮಗೆ ಬರಲಿಲ್ಲ. ಒಂದು ಶ್ರಾವಣದ ಸಂಜೆಗಳು ಸಾಕಾದವು.

ಹಳೆಯ ಉಪಕರಣವನ್ನೇ ಏಕೆ ಆರಿಸಿದಿರಿ ಎಂದೂ ಕೇಳಿದ್ದಾರೆ. ಅದು ಬೇಡುವುದು ಸಾದಾ ಪಠ್ಯವನ್ನು ಮಾತ್ರ, ಕೊಡುವುದೂ ಸಾದಾ ಪಠ್ಯವನ್ನೇ. ನಾಳೆ ಆಕ್ ಇಲ್ಲವಾದರೂ ಪದಕೋಶ ಇರುತ್ತದೆ, ಯಾವ ಯಂತ್ರವಾದರೂ ಅದನ್ನು ತೆರೆದು ತೋರಿಸೀತು. 1988ರ ಪುಸ್ತಕದಲ್ಲಿರುವ ಪ್ರೋಗ್ರಾಮನ್ನು ಹುಡುಗ ಇಂದಿನ ಯಂತ್ರದಲ್ಲಿ ಬೆರಳಚ್ಚಿಸಿದ. ಒಂದಕ್ಷರ ಬದಲಿಸದೆ ಅದು ಓಡಿತು. ಮೂರು ವರ್ಷದ ಹಿಂದೆ ಕೊಂಡ ದೂರವಾಣಿಯ ಆಪ್‌ಗಳ ವಿಷಯದಲ್ಲಿ ಈ ಮಾತು ಹೇಳಲಾಗುವುದಿಲ್ಲ.

ಕೊನೆಗೆ ಅಕಾರಾದಿ ಜೋಡಣೆ. ಇದಕ್ಕೆ ಆಕ್‌ನ ನೆರೆಮನೆಯ 'ಸಾರ್ಟ್' ಎಂಬ ಇನ್ನೊಂದು ಹಳೆಯ ಉಪಕರಣವಿದೆ. ಯೂನಿಕೋಡಿನಲ್ಲಿ ಕನ್ನಡದ ಸ್ವರ, ವ್ಯಂಜನ, ಗುಣಿತ, ವಿರಾಮಚಿಹ್ನೆಗಳು ಕೂತ ಕ್ರಮ ಎಷ್ಟು ಅನುಕೂಲವಾಗಿದೆಯೆಂದರೆ, ಸಂಕೇತದ ಅನುಕ್ರಮದಲ್ಲಿ ಜೋಡಿಸಿದರೆ ಸಾಕು, 'ಕಮಲ'ದ ಮುಂದೆ 'ಕಾಯ', ಅದರ ಮುಂದೆ 'ಕೂಡಲ', ಕಟ್ಟಕಡೆಗೆ 'ಕ್ರಿಯೆ' ಎಂದು ನಿಘಂಟಿನಂತೆಯೇ ನಿಲ್ಲುತ್ತವೆ. 'ಸೂರ್ಯ' ಮಾತ್ರ ಎರಡು ಕಡೆ ಬಂದಿತ್ತು. ಒಂದು ಅರ್ಕಾವತ್ತಿನದು, ಇನ್ನೊಂದು ರಕಾರಕ್ಕೆ ಯಕಾರದ ಒತ್ತು ಕೊಟ್ಟ ಹಳೆಯ ಬರೆಹದ 'ಸೂರ‍್ಯ'. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಅಡಗಿರುತ್ತದೆ. ಜೋಡಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬೇಡವೆಂದು ಹೇಳಿ ಎರಡನ್ನೂ ಒಂದೆಡೆ ಕೂರಿಸಿದೆವು.

ಅಚ್ಚು ಮಾಡಿದ ಪ್ರತಿಯನ್ನು ತೆಗೆದುಕೊಂಡು ಹೋಗಿ ಆ ಹಿರಿಯರ ಪಕ್ಕದಲ್ಲಿ ಕುಳಿತು ಓದತೊಡಗಿದೆವು. ಮೊದಲ ಪುಟದ ಮೊದಲ ಪದ 'ಅಂಗ'. ಅವರು ಕೈಯೆತ್ತಿ ತಡೆದರು. "ತಮ್ಮಾ, ಅಂ ಅಃ ಮೊದಲ ಹೆಂಗ ಬಂದ್ವು? ಗುರುಗಳು ಔ ಆದಮ್ಯಾಲೆ ಕಲಿಸಿದ್ದರಲ್ಲ." ಯೂನಿಕೋಡಿನಲ್ಲಿ ಅನುಸ್ವಾರ-ವಿಸರ್ಗಗಳು ಸ್ವರಗಳಿಗಿಂತ ಮೊದಲೇ ಕೂತಿವೆ ಎಂಬ ಸಮಾಧಾನ ಅವರ ಮುಂದೆ ನಡೆಯಲಿಲ್ಲ. ಅವರ ಚೀಟಿಗಳಲ್ಲಿ 'ಅಂಗ' ಇದ್ದದ್ದು ಔಕಾರದ ಪೆಟ್ಟಿಗೆಯ ಅನಂತರವಂತೆ. ಆ ದಿನ ಊಟದ ಹೊತ್ತು ಮೀರುವವರೆಗೆ ಅವರು ಓದಿಸಿದರು. ಎರಡು ಕಡೆ ಪುಟಸಂಖ್ಯೆ ತಪ್ಪಿದೆಯೆಂದೂ ನೆನಪಿನಿಂದಲೇ ತಿದ್ದಿಸಿದರು. ಅನುಸ್ವಾರಕ್ಕೆ ಔಕಾರದ ಮುಂದಿನ ಸ್ಥಾನ ಕೊಡುವ ಸೂತ್ರವನ್ನು ಈ ವಾರ ಬರೆಯುತ್ತಿದ್ದೇವೆ. ಕಕಾರದವರೆಗೆ ಓದಿ ಆಗಿದೆ.